ಹಾಡಿಗೆ ಇಪ್ಪತ್ತೈದು ಅಂಕ

ಮಕ್ಕಳೇ, ಈ ವಾರ ಮೊದಲು ಒಂದು ಲೆಕ್ಕ. ಪೆನ್ಸಿಲ್ ತೆಗೆದುಕೊಳ್ಳಿ. ಮನೆಯ ತಾತ, ಅಜ್ಜಿ ಕನ್ನಡಕ ಹುಡುಕುವಷ್ಟರಲ್ಲಿ ನೀವು ಮುಗಿಸಿಬಿಡುತ್ತೀರಿ.

ಒಂದು ಭಾವಗೀತೆ ಸ್ಪರ್ಧೆ. ಮೂವರು ತೀರ್ಪುಗಾರರು. ಒಬ್ಬೊಬ್ಬರೂ 50ಕ್ಕೆ ಅಂಕ ಕೊಡಬೇಕು. ಹಾಡಿದ ಮಕ್ಕಳು ಬಹಳ ಮಂದಿ, ನಾವು ಮೂವರನ್ನು ಮಾತ್ರ ನೋಡೋಣ. ಹೆಸರು ಬೇಡ, ಕ, ಖ, ಗ ಅಂದುಕೊಳ್ಳಿ. ಮೊದಲನೇ ತೀರ್ಪುಗಾರರು ಕ-ಗೆ 46, ಖ-ಗೆ 45, ಗ-ಗೆ 43 ಕೊಟ್ಟರು. ಎರಡನೆಯವರು ಅದೇ ಕ್ರಮದಲ್ಲಿ 45, 44, 42 ಕೊಟ್ಟರು. ಮೂರನೆಯವರು ಕ-ಗೆ 25, ಖ-ಗೆ 40, ಗ-ಗೆ 38 ಕೊಟ್ಟರು. ಗೆದ್ದವರು ಯಾರು?

ಕೂಡಿದಿರಾ? ಕ-ಗೆ 116, ಖ-ಗೆ 129, ಗ-ಗೆ 123. ಖ ಮೊದಲು, ಗ ಎರಡನೆಯದು, ಕ ಕೊನೆಗೆ. ಈಗ ಪೆನ್ಸಿಲ್ ಕೆಳಗಿಟ್ಟು ಇನ್ನೊಮ್ಮೆ ನೋಡಿ. ಮೂವರು ತೀರ್ಪುಗಾರರಲ್ಲಿ ಇಬ್ಬರ ಪ್ರಕಾರ ಎಲ್ಲರಿಗಿಂತ ಚೆನ್ನಾಗಿ ಹಾಡಿದ್ದು ಕ. ಆದರೂ ಅವಳು ಮೂರನೆಯವಳಾದಳು. ಅಂಕ ಬಿಟ್ಟು ಬರೀ ಸ್ಥಾನಗಳನ್ನು ಕೂಡಿ ನೋಡಿ. ಕ-ಗೆ ಒಂದು, ಒಂದು, ಮೂರು: ಒಟ್ಟು 5. ಖ-ಗೆ ಎರಡು, ಎರಡು, ಒಂದು: ಅದೂ 5. ಈಗ ಇಬ್ಬರೂ ಸಮಸಮ! ಹಾಡಿದ್ದು ಅದೇ ಹಾಡು, ಕೇಳಿದ್ದು ಅದೇ ಆರು ಕಿವಿ. ಕೂಡುವವನು ಲೆಕ್ಕದ ದಾರಿ ಬದಲಾಯಿಸಿದರೆ ಬಹುಮಾನದ ಲೋಟ ಬೇರೆ ಮನೆಗೆ ಹೋಗುತ್ತದೆ.

ಆ ಕೂಡುವವನು ನಾನೇ ಆಗಿದ್ದೆ. ಸುಮಾರು ಎಂಟು ವರ್ಷದ ಹಿಂದಿನ ಮಾತು. ಊರಿನ ಒಂದು ಶಾಲೆಯಲ್ಲಿ ಅಂತರಶಾಲಾ ಸ್ಪರ್ಧೆ ಇತ್ತು. ನನಗೆ ಸಂಗೀತ ಬರುವುದಿಲ್ಲ. ಬಚ್ಚಲುಮನೆಯಲ್ಲಿ ಗುನುಗಿದರೂ ಮನೆಯವರು ಬಕೆಟ್ ಸರಿಸಿದ ಸದ್ದು ಅಂದುಕೊಳ್ಳುತ್ತಾರೆ. ಆದರೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಕೂಡುವುದರಲ್ಲಿ ತಪ್ಪುವುದಿಲ್ಲ ಎಂಬ ನಂಬಿಕೆಯಿಂದ ನನ್ನನ್ನು ಅಂಕದ ಮೇಜಿಗೆ ಕೂರಿಸುತ್ತಿದ್ದರು. ನಂಬಿಕೆ ಸುಳ್ಳಾಗಲಿಲ್ಲ. 116 ಅಂದರೆ 116. ಎರಡು ಸಲ ಮೇಲಿಂದ ಕೆಳಕ್ಕೆ, ಒಂದು ಸಲ ಕೆಳಗಿಂದ ಮೇಲಕ್ಕೆ ಕೂಡಿ ಸಹಿ ಹಾಕಿದೆ.

ಬಹುಮಾನ ಹಂಚಿ, ಎಲ್ಲರೂ ಉಪ್ಪಿಟ್ಟು ತಿನ್ನಲು ಹೋದ ಮೇಲೆ ಕ ನನ್ನ ಮೇಜಿನ ಹತ್ತಿರ ಬಂದಳು. ಆರನೇ ತರಗತಿಯ ಹುಡುಗಿ. ಅಳುತ್ತಿರಲಿಲ್ಲ. “ತಾತ, ನಾನು ಎಲ್ಲಿ ತಪ್ಪಿದೆ?” ಎಂದಳು. ಜಗಳಕ್ಕೆ ಬಂದ ಧ್ವನಿ ಅಲ್ಲ ಅದು. ಲೆಕ್ಕ ತಪ್ಪಾದಾಗ ಯಾವ ಹಂತದಲ್ಲಿ ಎಂದು ಕೇಳುತ್ತೀರಲ್ಲ, ಹಾಗೆ. ನಾನು ಮೂರನೇ ಹಾಳೆ ತಿರುಗಿಸಿ ನೋಡಿದೆ. ಅದರಲ್ಲಿ ‘25’ ಎಂದು ಇತ್ತು. ಬೇರೆ ಒಂದಕ್ಷರವೂ ಇರಲಿಲ್ಲ. ಆ ತೀರ್ಪುಗಾರರು ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಹೋಗಿ ಮೆಲ್ಲಗೆ ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಯಾಕೋ ಒಟ್ಟಾರೆ ಅಷ್ಟು ಹಿಡಿಸಲಿಲ್ಲ ಸಾರ್” ಅಂದರು. ಕೆಟ್ಟವರೇನಲ್ಲ ಅವರು. ನಿಜವಾಗಿಯೂ ಅವರಿಗೆ ಅಷ್ಟೇ ನೆನಪಿತ್ತು.

“ಚೆನ್ನಾಗೇ ಹಾಡಿದೆ ಮಗು, ಮುಂದಿನ ವರ್ಷ ನೋಡೋಣ” ಎಂದೆ. ಮುಂದಿನ ವರ್ಷ ಅವಳು ಹೆಸರು ಕೊಡಲಿಲ್ಲ.

ಅದು ನನ್ನನ್ನು ಕಾಡಿತು. ಬ್ಯಾಂಕಿನಲ್ಲಿ ಚೆಕ್ಕು ಬಂದರೆ ನಾವು ಏನು ಮಾಡುತ್ತಿದ್ದೆವು ಎಂದು ಹೇಳುತ್ತೇನೆ. ಖಾತೆ ತೆರೆಯುವ ದಿನ ಗ್ರಾಹಕರಿಂದ ಒಂದು ಕಾರ್ಡಿನ ಮೇಲೆ ಮಾದರಿ ಸಹಿ ಹಾಕಿಸಿಕೊಂಡು ಇಟ್ಟಿರುತ್ತಿದ್ದೆವು. ಚೆಕ್ಕಿನ ಸಹಿಯನ್ನು ಆ ಕಾರ್ಡಿನ ಪಕ್ಕ ಹಿಡಿದು ನೋಡಬೇಕು. ಬಾಲ ಎತ್ತ ತಿರುಗಿದೆ, ಅಡ್ಡಗೆರೆ ಎಲ್ಲಿ ನಿಂತಿದೆ ಎಂದು ಹೋಲಿಸಬೇಕು. ಕಾರ್ಡೇ ಇಲ್ಲದೆ “ಸಹಿ ನೋಡಿದರೆ ಸಾಚಾ ಮನುಷ್ಯನ ಹಾಗೆ ಕಾಣುತ್ತದೆ” ಎಂದು ದುಡ್ಡು ಕೊಟ್ಟಿದ್ದರೆ ನನ್ನ ನೌಕರಿ ಒಂದು ವಾರ ಉಳಿಯುತ್ತಿರಲಿಲ್ಲ. ಸ್ಪರ್ಧೆಯಲ್ಲಿ ಮಾತ್ರ ಮೂವರನ್ನು ಕೂರಿಸಿ, ಖಾಲಿ ಹಾಳೆ ಕೊಟ್ಟು, ನಿಮಗೆ ಅನ್ನಿಸಿದ್ದನ್ನು ಬರೆಯಿರಿ ಎಂದಿದ್ದೆವು. ಒಬ್ಬರಿಗೆ 40 ಅಂದರೆ ಸಾಧಾರಣ. ಇನ್ನೊಬ್ಬರಿಗೆ 40 ಅಂದರೆ ಬಹಳ ಜೋರು. ಅಳತೆಯೇ ಬೇರೆ ಬೇರೆ ಇರುವಾಗ ನಾನು ಎಷ್ಟು ಸರಿಯಾಗಿ ಕೂಡಿದರೆ ಏನು? ಗಜದಲ್ಲಿ ಅಳೆದದ್ದನ್ನೂ ಮೀಟರಿನಲ್ಲಿ ಅಳೆದದ್ದನ್ನೂ ಕೂಡಿ ಬಟ್ಟೆ ಕತ್ತರಿಸಿದ ಹಾಗೆ.

ಶಾಲೆಯ ಹೆಡ್ ಮೇಡಂಗೆ ಈ ಮಾತು ಹೇಳಿದೆ. “ಹಾಗಾದರೆ ನೀವೇ ಏನಾದರೂ ಮಾಡಿಕೊಡಿ ಸಾರ್” ಎಂದರು. ದೂರು ಹೇಳಿದವನ ತಲೆಗೇ ಕೆಲಸ ಕಟ್ಟುವುದು ಎಲ್ಲ ಆಫೀಸಿನ ಪದ್ಧತಿ. ಮುಂದಿನ ಸ್ಪರ್ಧೆಗೆ ಒಪ್ಪಿಕೊಂಡಿದ್ದ ಮೂವರು ತೀರ್ಪುಗಾರರನ್ನು ಒಂದು ಭಾನುವಾರ ನಮ್ಮ ಮನೆಗೆ ಕರೆದೆ. ಒಬ್ಬರು ಸಂಗೀತದ ಮೇಷ್ಟ್ರು, ಒಬ್ಬರು ಸುಗಮ ಸಂಗೀತ ಹೇಳಿಕೊಡುವ ಟೀಚರ್, ಇನ್ನೊಬ್ಬರು ನಿವೃತ್ತ ಕನ್ನಡ ಪಂಡಿತರು. ಬಿ.ಇಡಿ. ಓದಿದ ನಿಮ್ಮ ಮೇಷ್ಟ್ರು ರೂಬ್ರಿಕ್ ಎನ್ನುತ್ತಾರಲ್ಲ, ಅಂಥದ್ದೊಂದನ್ನು ಮಾಡುವುದು ಎಂದಾಯಿತು. ನಿಮ್ಮ ಕಂಪಾಸ್ ಪೆಟ್ಟಿಗೆಯಲ್ಲಿ ಒಂದು ಅಳತೆಪಟ್ಟಿ ಇದೆ ನೋಡಿ, ನಾನು ಅದಕ್ಕೂ ಅದೇ ಹೆಸರು ಇಟ್ಟುಕೊಂಡಿದ್ದೇನೆ.

ಇಂಥದ್ದು ನಾವು ಕಂಡುಹಿಡಿದದ್ದಲ್ಲ. ಲಂಡನ್ನಿನಲ್ಲಿ 1889ರಲ್ಲಿ ಶುರುವಾದ ಒಂದು ಸಂಗೀತ ಪರೀಕ್ಷಾ ಮಂಡಳಿ ಇದೆ, ಎ.ಬಿ.ಆರ್.ಎಸ್.ಎಂ. ಎಂದು ಕರೆಯುತ್ತಾರೆ. ನಮ್ಮ ದೇಶದಲ್ಲೂ ಪಿಯಾನೊ, ವಯಲಿನ್ ಕಲಿಯುವ ಮಕ್ಕಳು ಅದರ ಪರೀಕ್ಷೆಗೆ ಕೂರುತ್ತಾರೆ. ಅದರ ಎದುರುಬದುರು ಕೂತು ಕೊಡುವ ಪರೀಕ್ಷೆಯಲ್ಲಿ ಒಟ್ಟು 150 ಅಂಕ, 100 ಬಂದರೆ ಪಾಸು. ನುಡಿಸುವ ಒಂದೊಂದು ಕೃತಿಗೆ 30, ಅದರಲ್ಲಿ ಪಾಸಿಗೆ 20. ನನಗೆ ಹಿಡಿಸಿದ್ದು ಏನೆಂದರೆ, ಪರೀಕ್ಷಕರು ಸೊನ್ನೆಯಿಂದ ಮೇಲಕ್ಕೆ ಹತ್ತುವುದಿಲ್ಲ, ಮೂವತ್ತರಿಂದ ಕೆಳಕ್ಕೂ ಇಳಿಯುವುದಿಲ್ಲ. ಇಪ್ಪತ್ತರಲ್ಲಿ ನಿಂತು, ಕೇಳಿದ್ದನ್ನು ನೋಡಿ ಮೇಲಕ್ಕೋ ಕೆಳಕ್ಕೋ ಹೋಗುತ್ತಾರೆ. ಯಾವುದಕ್ಕೆ ಎಷ್ಟು ಎಂಬುದರ ವಿವರಣೆ ಅಚ್ಚಾಗಿದೆ, ಪರೀಕ್ಷೆಗೆ ಕೂರುವ ಮಗುವೂ ಓದಬಹುದು.

ನಮ್ಮ ಭಾನುವಾರಕ್ಕೆ ಬರುತ್ತೇನೆ. ಏನನ್ನು ಅಳೆಯಬೇಕು ಎಂಬುದಕ್ಕೆ ಅರ್ಧ ಗಂಟೆ ಸಾಕಾಯಿತು: ಶ್ರುತಿ, ತಾಳ, ಉಚ್ಚಾರ, ಭಾವ. ಒಂದೊಂದಕ್ಕೂ ನಾಲ್ಕು ಮೆಟ್ಟಿಲು. ಐದು ಬೇಡ ಎಂದು ಹಟ ಹಿಡಿದವನು ನಾನು. ಐದು ಇದ್ದರೆ ಜನ ನಡುವಿನ ಮೂರರ ಮೇಲೆ ಕಾಲು ಚಾಚಿ ಕೂರುತ್ತಾರೆ. ನಾಲ್ಕರಲ್ಲಿ ನಡು ಇಲ್ಲ, ಮೇಲೋ ಕೆಳಗೋ ಹೇಳಲೇಬೇಕು. ಶ್ರುತಿ ತಪ್ಪಿದರೆ ಹಾಡೇ ಇಲ್ಲ, ಅದಕ್ಕೆ ಎರಡರಷ್ಟು ಅಂಕ ಎಂದರು ಮೇಷ್ಟ್ರು. ಭಾವಗೀತೆಯಲ್ಲಿ ಭಾವಕ್ಕೆ ಬೆಲೆ ಇಲ್ಲದಿದ್ದರೆ ಆ ಹೆಸರು ಯಾಕೆ ಎಂದರು ಟೀಚರ್. ಭಾವಕ್ಕೂ ಎರಡರಷ್ಟು ಎಂದಾಯಿತು. 8, 4, 4, 8. ಒಟ್ಟು 24. “ಇಪ್ಪತ್ತನಾಲ್ಕಕ್ಕೆ ಅಂಕ ಕೊಡುವ ಪರೀಕ್ಷೆ ಯಾವುದು ಸಾರ್?” ಎಂದು ಹೆಡ್ ಮೇಡಂ ಆಮೇಲೆ ನಕ್ಕರು. ಇಪ್ಪತ್ತೈದು ಮಾಡಲು ಇನ್ನೊಂದು ಅಂಕವನ್ನು ಎಲ್ಲಿಂದ ತರಲಿ? ಮುಖ ನೋಡಿ ಕೊಡುವ ಅಂಕ ಅಂತ ಇಡಬೇಕಾಗುತ್ತಿತ್ತು.

ನಿಜವಾದ ಕೆಲಸ ಆಮೇಲೆ ಶುರುವಾಯಿತು. ಶ್ರುತಿಯಲ್ಲಿ ನಾಲ್ಕು ಅಂದರೆ ಏನು, ಮೂರು ಅಂದರೆ ಏನು? ‘ಉತ್ತಮ’, ‘ಸಾಧಾರಣ’ ಎಂದು ಬರೆಯಲು ಹೊರಟರು. ಬೇಡ, ಅದು ಮತ್ತೆ ಅನ್ನಿಸಿಕೆಯೇ ಆಗುತ್ತದೆ, ಕಿವಿಗೆ ಏನು ಕೇಳಿಸಿತು ಅದನ್ನು ಬರೆಯಿರಿ ಎಂದೆ. ಗೊತ್ತಿಲ್ಲದವನಿಗೆ ಇದೊಂದು ಅನುಕೂಲ, ದಡ್ಡ ಪ್ರಶ್ನೆ ಕೇಳಬಹುದು. ಕೊನೆಗೆ ಹೀಗೆ ಬರೆದೆವು. ಶುರುವಿನಿಂದ ಕೊನೆಯವರೆಗೆ ಶ್ರುತಿ ಬಿಡದಿದ್ದರೆ 4. ಒಂದೆರಡು ಕಡೆ, ಬಹುಪಾಲು ಮೇಲಿನ ಸ್ವರದಲ್ಲಿ, ಜಾರಿ ತಾನೇ ಸರಿಮಾಡಿಕೊಂಡರೆ 3. ಚರಣದಲ್ಲಿ ಇಳಿದುಹೋಗಿ, ಪಲ್ಲವಿಗೆ ಬಂದಾಗಲೇ ಮತ್ತೆ ಸೇರಿದರೆ 2. ಶ್ರುತಿ ಪೆಟ್ಟಿಗೆ ಒಂದು ಕಡೆ, ಹಾಡು ಇನ್ನೊಂದು ಕಡೆ ಆದರೆ 1.

ಶ್ರುತಿ ಎಂದರೇನು ಎಂದು ಕೇಳುವ ಪುಟಾಣಿಗಳಿಗೆ: ಹಾಡುವಾಗ ಹಿಂದೆ ‘ಊಂ’ ಎಂದು ಒಂದೇ ಸಮನೆ ಒಂದು ನಾದ ಬರುತ್ತಿರುತ್ತದಲ್ಲ, ಅದು ಹಾಡಿಗೆ ನೆಲ ಇದ್ದ ಹಾಗೆ. ಎಷ್ಟು ಬೇಕಾದರೂ ಜಿಗಿಯಿರಿ, ಇಳಿಯುವಾಗ ಕಾಲು ನೆಲಕ್ಕೇ ಸಿಗಬೇಕು. ಇನ್ನೊಂದು ಸಂಗತಿ. ಹಾರ್ಮೋನಿಯಂ ಮೇಷ್ಟ್ರು ತಮಗೆ ಅನುಕೂಲವಾದ ಶ್ರುತಿ ಹಿಡಿದು ಕೂತರೆ ಪುಟ್ಟ ಗಂಟಲಿಗೆ ಮೇಲಿನ ಸ್ವರ ಎಟುಕುವುದಿಲ್ಲ. ಅದು ಮಗುವಿನ ತಪ್ಪಲ್ಲ. ಆದ್ದರಿಂದ ಹಾಡುವ ಮೊದಲು ‘ನಿನ್ನ ಶ್ರುತಿ ಯಾವುದು?’ ಎಂದು ಮಗುವನ್ನೇ ಕೇಳಬೇಕು ಎಂದು ಪಟ್ಟಿಯ ತಲೆಯಲ್ಲೇ ಬರೆದೆವು. ನಿಮ್ಮ ಶ್ರುತಿ ಯಾವುದೆಂದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ನಾಳೆಯೇ ಟೀಚರನ್ನು ಕೇಳಿ.

ಭಾವದ ಹತ್ತಿರ ಬಂದಾಗ ಗಾಡಿ ಹೂತುಕೊಂಡಿತು. ಭಾವವನ್ನು ಅಳೆಯಲಾಗದು ಎಂದು ಪಂಡಿತರು ಕೈಕಟ್ಟಿ ಕೂತುಬಿಟ್ಟರು. ಕೈ ಬೀಸಿ, ಕಣ್ಣು ಹೊರಳಿಸಿ ಹಾಡುವ ಮಕ್ಕಳಿಗೆ ನಾಲ್ಕು ಹೋಗುತ್ತದೆ, ಸುಮ್ಮನೆ ನಿಂತು ಹಾಡುವವರಿಗೆ ಎರಡು ಬರುತ್ತದೆ, ಅದು ನ್ಯಾಯವಲ್ಲ ಎಂದರು ಟೀಚರ್. ಒಳಗಿನಿಂದ ನಮ್ಮ ಮನೆಯವರು ಕಾಫಿ ತಂದಿಟ್ಟು, “ಆ ಮಗುವಿಗೆ ಹಾಡಿನ ಅರ್ಥ ಗೊತ್ತಾಗಿದೆಯೋ ಇಲ್ಲವೋ ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಗೊತ್ತಾಗುತ್ತದಪ್ಪ” ಎಂದು ಹೋದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದಲ್ಲ! ‘ನಮ್ಮೂರ ಕೆರೆ ತುಂಬಿತು’ ಎಂಬ ಸಾಲನ್ನು ‘ನಮ್ಮೂರ ಕೆ’ ಎಂದು ಹಾಡಿ, ಉಸಿರು ಎಳೆದು, ‘ರೆ ತುಂಬಿತು’ ಎಂದರೆ ಹುಡುಗನಿಗೆ ಕೆರೆ ಕಂಡಿಲ್ಲ. ಮಾತು ಮುಗಿದ ಕಡೆ ಉಸಿರು, ಅರ್ಥಕ್ಕೆ ತಕ್ಕಂತೆ ದನಿಯ ಏರಿಳಿತ, ಒಂದೇ ಸಾಲು ಎರಡನೇ ಸಲ ಬಂದಾಗ ಏನಾದರೂ ಬದಲಾವಣೆ. ಇವಿಷ್ಟು ಕಿವಿಗೆ ಕೇಳಿಸುತ್ತವೆ. ಕೈ ಬೀಸುವುದು ಪಟ್ಟಿಯಲ್ಲಿ ಸೇರಲಿಲ್ಲ.

ಕಾರ್ಡು ಸಿದ್ಧವಾಯಿತು, ಮಾದರಿ ಸಹಿ ಬೇಕಲ್ಲ? ಟೀಚರ್ ಹತ್ತಿರ ಮಕ್ಕಳು ಹಾಡಿದ ರೆಕಾರ್ಡಿಂಗ್ ಇತ್ತು. ಒಂದು ಹಾಡು ಹಾಕಿ, ಮೂವರೂ ಮಾತಾಡದೆ ಶ್ರುತಿಗೆ ಅಂಕ ಬರೆದು ಚೀಟಿ ಮಡಿಸಿ ಕೊಡಿ ಎಂದೆ. ಬಿಚ್ಚಿದರೆ 4, 2, 3! ಪಟ್ಟಿ ಬರೆದ ಶಾಯಿ ಇನ್ನೂ ಆರಿರಲಿಲ್ಲ. ಬ್ಯಾಂಕಿನಲ್ಲಿ ದಿನದ ಕೊನೆಗೆ ಟ್ಯಾಲಿ ಆಗದಾಗ ಆಗುವ ಸಂಕಟವೇ ಹೊಟ್ಟೆಯಲ್ಲಿ ಎದ್ದಿತು. ಆದರೆ ಈ ಸಲ ಕೇಳಲು ಜಾಗವಿತ್ತು. ಎರಡು ಕೊಟ್ಟದ್ದು ಯಾಕೆ ಎಂದರೆ ಮೇಷ್ಟ್ರು ಹೇಳಿದರು: ಎರಡನೇ ಚರಣದ ಮೇಲಿನ ಸ್ವರದಲ್ಲಿ ಜಾರಿದಳು. ನಾಲ್ಕು ಕೊಟ್ಟ ಪಂಡಿತರು ಹೇಳಿದರು: ಜಾರಿದ್ದು ನನಗೂ ಕೇಳಿಸಿತು, ಕೂಡಲೇ ಸರಿಮಾಡಿಕೊಂಡಳಲ್ಲ, ಅದಕ್ಕೇ ಪೂರ್ತಿ ಕೊಟ್ಟೆ. ಇಬ್ಬರ ಕಿವಿಗೂ ಒಂದೇ ಸಂಗತಿ ಕೇಳಿಸಿದೆ, ಪಟ್ಟಿಯ ಮಾತನ್ನು ಅವರು ಓದಿಕೊಂಡ ರೀತಿ ಬೇರೆ. ಪಟ್ಟಿ ಓದಿ ನೋಡಿದರೆ ಅದು 3ರ ವಿವರಣೆಯೇ. ಇನ್ನೂ ನಾಲ್ಕು ಹಾಡು ಕೇಳಿದರು. ಸಂಜೆಯಾಗುವಷ್ಟರಲ್ಲಿ ಮೂವರೂ ಒಂದೇ ಮೆಟ್ಟಿಲಲ್ಲಿ, ಇಲ್ಲವೆಂದರೆ ಅಕ್ಕಪಕ್ಕದ ಮೆಟ್ಟಿಲಲ್ಲಿ ನಿಲ್ಲುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಪಟ್ಟಿ ಬರೆಯುವುದಕ್ಕಿಂತ ಈ ಕೂತು ಕೇಳುವ ಸಂಜೆಯೇ ಮುಖ್ಯ. ಎಷ್ಟೋ ಶಾಲೆಗಳು ಚೆಂದದ ಪಟ್ಟಿ ಅಚ್ಚು ಹಾಕಿಸಿ, ಸ್ಪರ್ಧೆಯ ಬೆಳಿಗ್ಗೆ ತೀರ್ಪುಗಾರರ ಕೈಗೆ ತುರುಕುತ್ತವೆ. ಅದರಿಂದ ಹಾಳೆ ತುಂಬುತ್ತದೆ ಅಷ್ಟೇ. ಇಪ್ಪತ್ತು ಕಲಮಿನ ಪಟ್ಟಿಯನ್ನೂ ನೋಡಿದ್ದೇನೆ. ಅದನ್ನು ತುಂಬುವವರು ಹಾಡು ಯಾವಾಗ ಕೇಳಬೇಕು?

ಸ್ಪರ್ಧೆಯ ದಿನಕ್ಕೆ ನಾವು ಕೆಲವು ಕಟ್ಟುಪಾಡು ಮಾಡಿಕೊಂಡೆವು. ಶ್ರುತಿ, ತಾಳಕ್ಕೆ ಹಾಡು ನಡೆಯುವಾಗಲೇ ಗುರುತು, ಉಳಿದದ್ದಕ್ಕೆ ಹಾಡು ಮುಗಿದ ಮೇಲೆ. ಒಂದು ಮಗುವಿನ ಹಾಳೆಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟ ಮೇಲೆಯೇ ಇನ್ನೊಂದು ಮಗು ವೇದಿಕೆಗೆ. ನಡುವೆ ತೀರ್ಪುಗಾರರು ಪಿಸುಗುಟ್ಟುವಂತಿಲ್ಲ. ಯಾರಾದರೂ ಇಬ್ಬರ ನಡುವೆ ಒಂದೇ ಅಂಶದಲ್ಲಿ ಎರಡು ಮೆಟ್ಟಿಲ ವ್ಯತ್ಯಾಸ ಬಂದರೆ ನಾನು ಕೂಡುವುದನ್ನು ನಿಲ್ಲಿಸಿ ಕೈ ಎತ್ತುವುದು. ಆಗ ಇಬ್ಬರೂ ತಾವು ಕೇಳಿದ್ದು ಏನು ಎಂದು ಹೇಳಬೇಕು. ಬದಲಾಯಿಸಲೇಬೇಕು ಎಂದಿಲ್ಲ, ಹೇಳಲೇಬೇಕು. ಎಂಟು ವರ್ಷದ ಹಿಂದೆ 45ರ ಪಕ್ಕ 25 ಕಂಡಾಗ ನಾನು ಮಾಡಬೇಕಾಗಿದ್ದದ್ದು ಅದೇ.

ಮೊದಲು ಹಾಡುವ ಮಗುವಿನ ಕಷ್ಟ ಬೇರೆ. “ಮೊದಲೇ 45 ಕೊಟ್ಟುಬಿಟ್ಟರೆ ಮುಂದೆ ಇನ್ನೂ ಒಳ್ಳೆಯವರು ಬಂದರೆ?” ಎಂದು ತೀರ್ಪುಗಾರರು ಕೈ ಬಿಗಿಹಿಡಿಯುತ್ತಾರೆ. ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ರಾಣಿ ಎಲಿಜಬೆತ್ ಹೆಸರಿನ ಪ್ರಸಿದ್ಧ ಸಂಗೀತ ಸ್ಪರ್ಧೆ ಇದೆ. ಅದರ ಪಿಯಾನೊ, ವಯಲಿನ್ ಸ್ಪರ್ಧೆಗಳ ಫೈನಲ್‌ಗೆ 12 ಮಂದಿ, ದಿನಕ್ಕೆ ಇಬ್ಬರಂತೆ ಆರು ದಿನ. ಯಾರು ಯಾವ ದಿನ ಎಂಬುದು ಚೀಟಿ ಎತ್ತಿ ತೀರ್ಮಾನ. ಚೀಟಿಯಿಂದ ಬಂದ ಕ್ರಮವಾದ್ದರಿಂದ ಗೆಲ್ಲುವುದಕ್ಕೂ ದಿನಕ್ಕೂ ಸಂಬಂಧ ಇರಬಾರದಲ್ಲವೇ? ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ ಎಂಬ ಇಬ್ಬರು ಹಲವು ವರ್ಷಗಳ ಫಲಿತಾಂಶ ಲೆಕ್ಕಹಾಕಿ 1996ರಲ್ಲಿ ಪ್ರಕಟಿಸಿದರು. ಮೊದಲ ದಿನ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವ ಸಂಭವ ಕಡಿಮೆ, ತಡವಾಗಿ ನುಡಿಸಿದವರಿಗೆ ಹೆಚ್ಚು ಎಂದು ಕಂಡಿತು. ಜಗತ್ತಿನ ದೊಡ್ಡ ದೊಡ್ಡ ಕಿವಿಗಳ ಪಾಡೇ ಹೀಗಾದರೆ ನಮ್ಮದೇನು? ಮೆಟ್ಟಿಲುಗಳ ವಿವರಣೆ ಕಣ್ಣೆದುರು ಇದ್ದರೆ ಮೊದಲ ಮಗುವನ್ನು ಮುಂದೆ ಬರುವ ಮಗುವಿನ ಜೊತೆ ಹೋಲಿಸಬೇಕಾಗಿಲ್ಲ, ಪಟ್ಟಿಯ ಜೊತೆ ಹೋಲಿಸಿದರೆ ಸಾಕು. ರೋಗ ಪೂರ್ತಿ ಹೋಗದು, ಸ್ವಲ್ಪ ಇಳಿಯುತ್ತದೆ. ನಾವು ಇನ್ನೊಂದು ಉಪಾಯವನ್ನೂ ಮಾಡಿದೆವು. ಸ್ಪರ್ಧೆಯಲ್ಲಿಲ್ಲದ ಒಬ್ಬ ಹೈಸ್ಕೂಲ್ ಹುಡುಗಿಯಿಂದ ಪ್ರಾರ್ಥನೆ ಹಾಡಿಸಿ, ತೀರ್ಪುಗಾರರು ಆ ಹಾಡಿಗೆ ಅಂಕ ಹಾಕಿ ಕೈ ಪಳಗಿಸಿಕೊಳ್ಳುವಂತೆ ಮಾಡಿದೆವು.

ಕಣ್ಣಿನ ಕಥೆಯೂ ಸ್ವಲ್ಪ ಇದೆ. ಚಿಯಾ-ಜಂಗ್ ಸೈ ಎಂಬ ಸಂಶೋಧಕಿ, ಸ್ವತಃ ಪಿಯಾನೊ ನುಡಿಸುವವರು, 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಂಗೀತ ಸ್ಪರ್ಧೆಗಳ ಚಿಕ್ಕ ತುಣುಕುಗಳನ್ನು ಕೆಲವರಿಗೆ ಬರೀ ಕೇಳಿಸಿದರು, ಕೆಲವರಿಗೆ ಸದ್ದಿಲ್ಲದೆ ಬರೀ ತೋರಿಸಿದರು. ಗೆದ್ದವರು ಯಾರೆಂದು ಹೆಚ್ಚು ಸರಿಯಾಗಿ ಊಹಿಸಿದವರು ಯಾರು ಗೊತ್ತೇ? ಸದ್ದಿಲ್ಲದೆ ನೋಡಿದವರು! ಸಂಗೀತ ಬಲ್ಲವರ ಪಾಡೂ ಅದೇ. ಅಂದರೆ ಆ ದೊಡ್ಡ ತೀರ್ಪುಗಾರರ ತೀರ್ಪಿನಲ್ಲಿ ಕಣ್ಣಿನ ಪಾಲು ನಾವು ಎಣಿಸಿದ್ದಕ್ಕಿಂತ ದೊಡ್ಡದು. ಅಮೆರಿಕದ ದೊಡ್ಡ ವಾದ್ಯವೃಂದಗಳು ಕಲಾವಿದರನ್ನು ಆಯ್ಕೆ ಮಾಡುವಾಗ ಪರದೆ ಕಟ್ಟಿ ಹಿಂದಿನಿಂದ ನುಡಿಸಲು ಹೇಳುತ್ತವೆ. ಹೆಜ್ಜೆ ಸದ್ದಿನಿಂದ ಗಂಡೋ ಹೆಣ್ಣೋ ಗೊತ್ತಾಗಬಾರದೆಂದು ನೆಲಕ್ಕೆ ಜಮಖಾನ ಹಾಸುವುದೂ ಉಂಟು. ನಮ್ಮಲ್ಲಿ ಒಂದು ಮಗು ರೇಷ್ಮೆ ಲಂಗ ಉಟ್ಟು ಜಡೆಗೆ ಮಲ್ಲಿಗೆ ಮುಡಿದು ಬರುತ್ತದೆ, ಇನ್ನೊಂದು ಮಾಸಿದ ಸಮವಸ್ತ್ರದಲ್ಲಿ ಬರುತ್ತದೆ. ಪರದೆ ಕಟ್ಟಿದರೆ ಅಪ್ಪ ಅಮ್ಮಂದಿರು ಫೋಟೊ ತೆಗೆಯುವುದು ಹೇಗೆ? ಅದಕ್ಕೇ ತೀರ್ಪುಗಾರರು ಹಾಳೆ ನೋಡುತ್ತ, ಇಲ್ಲವೇ ಕಣ್ಣು ಮುಚ್ಚಿ ಕೇಳಬೇಕು ಎಂದು ಮಾಡಿದೆವು. ಹೆಸರಿಲ್ಲ, ಶಾಲೆಯ ಹೆಸರಿಲ್ಲ, ಬರೀ ನಂಬರು. ಪಂಡಿತರು ನಿಷ್ಠೆಯಿಂದ ಕಣ್ಣು ಮುಚ್ಚಿ ಕೂತರು. ‘ತೀರ್ಪುಗಾರರು ನಿದ್ದೆ ಮಾಡುತ್ತಿದ್ದರು’ ಎಂದು ಒಬ್ಬ ತಾಯಿ ಲಿಖಿತ ದೂರು ಕೊಟ್ಟರು.

ಎಲ್ಲ ಸರಿಹೋಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಎರಡನೇ ವರ್ಷ ಜನಪದ ಗೀತೆಗೂ ಅದೇ ಪಟ್ಟಿ ಬಳಸಿದೆವು. ಹಳ್ಳಿ ಶಾಲೆಯ ಒಬ್ಬ ಹುಡುಗ ಬಂದು ಹಾಡಿದ. ತಮಟೆ ಇಲ್ಲ, ಗೆಜ್ಜೆ ಇಲ್ಲ. ಹಾಲ್‌ನ ಹಿಂದಿನ ಸಾಲಿನಲ್ಲಿ ಗಲಾಟೆ ಮಾಡುತ್ತಿದ್ದ ಪಡ್ಡೆ ಹುಡುಗರೂ ಸುಮ್ಮನಾದರು. ಹಾಳೆಗಳು ಬಂದವು. ಉಚ್ಚಾರಕ್ಕೆ ಮೂವರೂ 1 ಕೊಟ್ಟಿದ್ದರು. ನಮ್ಮ ಪಟ್ಟಿಯಲ್ಲಿ ‘ಅಕಾರ ಹಕಾರ ಅದಲುಬದಲಾದರೆ ಅಂಕ ಇಳಿಯುತ್ತದೆ’ ಎಂದಿತ್ತು. ಹುಡುಗ ಹಳ್ಳಿಯನ್ನು ‘ಅಳ್ಳಿ’ ಎಂದ, ಹೂವನ್ನು ‘ಊವು’ ಎಂದ. ಮೂವರಿಗೂ ಒಂದೇ ಕೇಳಿಸಿತು, ಮೂವರೂ ಪಟ್ಟಿಯನ್ನು ಒಂದೇ ರೀತಿ ಓದಿದರು. ಇಷ್ಟು ಚೊಕ್ಕವಾಗಿ ತಾಳೆಯಾದ ಅಂಕ ಆ ದಿನ ಇನ್ನೊಂದಿರಲಿಲ್ಲ. ಆದರೆ ತಪ್ಪು! ಆ ಹಾಡು ಹುಟ್ಟಿದ್ದೇ ಆ ಬಾಯಲ್ಲಿ. ಅದನ್ನು ‘ಹಳ್ಳಿ’ ಎಂದು ತಿದ್ದಿ ಹಾಡಿದ್ದರೆ ಅದೇ ತಪ್ಪಾಗುತ್ತಿತ್ತು.

ಬಿ.ಕಾಂ. ಓದುವಾಗ ನಮಗೆ ಒಂದು ಪಾಠವಿತ್ತು. ಟ್ರಯಲ್ ಬ್ಯಾಲೆನ್ಸಿನ ಎರಡೂ ಕಡೆ ಸರಿಸಮ ಬಂದಿತೆಂದು ಕುಣಿಯಬೇಡಿ. ರಾಮಣ್ಣನ ದುಡ್ಡನ್ನು ಭೀಮಣ್ಣನ ಖಾತೆಗೆ ಬರೆದಿದ್ದರೂ ಎರಡು ಕಡೆ ಸರಿಸಮ ಬರುತ್ತದೆ. ರಾಮಣ್ಣ ಬಂದು ಕೇಳುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ತೀರ್ಪುಗಾರರು ಒಂದೇ ಅಂಕ ಕೊಡುವುದು ಒಂದು ಸಂಗತಿ, ಆ ಅಂಕ ಸರಿಯಾದ ವಸ್ತುವಿಗೆ ಬಿದ್ದಿದೆಯೇ ಎಂಬುದು ಇನ್ನೊಂದು. ಇಲ್ಲಿ ರಾಮಣ್ಣನ ಪರವಾಗಿ ಬಂದು ಕೇಳಿದ್ದು ಟೀಚರ್. ನಾನು ನಿಯಮದ ಮನುಷ್ಯ, ಆಟದ ನಡುವೆ ನಿಯಮ ಬದಲಿಸಬಾರದು ಎಂದೆ. ಆ ವರ್ಷದ ಫಲಿತಾಂಶ ಹಾಗೇ ಉಳಿಯಿತು, ಹುಡುಗನಿಗೆ ಬಹುಮಾನ ಬರಲಿಲ್ಲ. ಇವತ್ತಿಗೂ ಅದು ಸರಿಯೋ ಅಲ್ಲವೋ ಎಂದು ನಮ್ಮ ಮನೆಯಲ್ಲಿ ವಾದ ಆಗುತ್ತದೆ. ಮನೆಯವರ ಪ್ರಕಾರ ನಾನು ಮಾಡಿದ್ದು ಶುದ್ಧ ಗುಮಾಸ್ತಗಿರಿ. ಮುಂದಿನ ವರ್ಷದಿಂದ ಜನಪದ ಗೀತೆಗೆ ಬೇರೆ ಪಟ್ಟಿ ಬಂತು: ‘ಹಾಡಿನ ಆಡುಮಾತಿಗೆ ತಕ್ಕ ಉಚ್ಚಾರ’. ಹಾಳೆಯ ಕೊನೆಯಲ್ಲಿ ‘ಪಟ್ಟಿಯಲ್ಲಿ ಇಲ್ಲದ್ದು, ಆದರೆ ಹೇಳಲೇಬೇಕಾದ್ದು’ ಎಂದು ಎರಡು ಗೆರೆ ಜಾಗ ಬಿಟ್ಟೆವು. ಅಲ್ಲಿ ಬರೆದದ್ದಕ್ಕೆ ಅಂಕವಿಲ್ಲ. ಪ್ರತಿ ಬೇಸಿಗೆಯಲ್ಲಿ ಆ ಸಾಲುಗಳನ್ನೆಲ್ಲ ಒಟ್ಟಿಗೆ ಓದಿ ಪಟ್ಟಿಯನ್ನು ತಿದ್ದುತ್ತೇವೆ.

ನೀವು ಮನೆಯಲ್ಲೂ ಇದನ್ನು ಮಾಡಬಹುದು. ತಾತನ ಮೊಬೈಲಿನಲ್ಲಿ ನಿಮ್ಮ ಹಾಡು ರೆಕಾರ್ಡ್ ಮಾಡಿ, ಆ ದಿನವೇ ಕೇಳಬೇಡಿ. ಮಾರನೆಯ ದಿನ ನೀವೂ ಅಜ್ಜಿಯೂ ಬೇರೆ ಬೇರೆ ಚೀಟಿಯಲ್ಲಿ ಶ್ರುತಿಗೆ, ತಾಳಕ್ಕೆ ನಾಲ್ಕರಲ್ಲಿ ಎಷ್ಟು ಎಂದು ಬರೆಯಿರಿ. ಎರಡು ಮೆಟ್ಟಿಲು ವ್ಯತ್ಯಾಸ ಬಂದರೆ ಯಾವ ಸಾಲಿನಲ್ಲಿ ಎಂದು ಮತ್ತೆ ಹಾಕಿ ಕೇಳಿ. ಒಂದು ಎಚ್ಚರಿಕೆ: ಅಜ್ಜಿಯರು ಎಲ್ಲಕ್ಕೂ ನಾಲ್ಕೇ ಕೊಡುತ್ತಾರೆ. ಮಗು ಇಷ್ಟವಾದರೆ ಅದರ ತಾಳವೂ ಇಷ್ಟವಾಗಿಬಿಡುತ್ತದೆ. ದೊಡ್ಡ ತೀರ್ಪುಗಾರರಿಗೂ ಇರುವ ಕಾಯಿಲೆ ಅದು. ಅಜ್ಜಿಯ ಕೈಗೆ ಒಂದು ಕಡ್ಡಿ ಪೆಟ್ಟಿಗೆ ಕೊಟ್ಟು ತಾಳ ಹಾಕುತ್ತ ಕೇಳಲು ಹೇಳಿ. ತಾಳ ತಪ್ಪಿದ ಕಡೆ ಅವರ ಕೈಯೇ ನಿಂತುಬಿಡುತ್ತದೆ.

ಹೋದ ವರ್ಷದ ಸ್ಪರ್ಧೆಯಲ್ಲಿ ಒಬ್ಬ ಐದನೇ ತರಗತಿಯ ಹುಡುಗನನ್ನು ಅವನ ಅಕ್ಕ ಕರೆದುಕೊಂಡು ಬಂದಿದ್ದಳು. ಕಾಲೇಜಿಗೆ ಹೋಗುವ ಹುಡುಗಿ. ಈಗ ನಮ್ಮಲ್ಲಿ ಪ್ರತಿ ಮಗುವಿಗೂ ಅದರ ಹಾಳೆಯ ಪ್ರತಿ ಕೊಡುತ್ತೇವೆ. ಅವಳು ತಮ್ಮನ ಹಾಳೆ ಹಿಡಿದು ಬಹಳ ಹೊತ್ತು ಓದಿದಳು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, “ತಾತ, ಗುರುತು ಸಿಕ್ಕಿತಾ?” ಎಂದಳು. ಸಿಗಲಿಲ್ಲ. “ನಾನೂ ಇಲ್ಲಿ ಹಾಡಿದ್ದೆ. ನನಗೆ ಒಬ್ಬರು ಐವತ್ತಕ್ಕೆ ಇಪ್ಪತ್ತೈದು ಕೊಟ್ಟಿದ್ದರು” ಎಂದು ನಕ್ಕಳು. ನನಗೆ ನಗು ಬರಲಿಲ್ಲ. “ಆಗ ನಾನು ಎಲ್ಲಿ ತಪ್ಪಿದ್ದೆ ಅಂತ ನಿಮಗೆ ಆಮೇಲಾದರೂ ಗೊತ್ತಾಯಿತಾ?”

ಇಲ್ಲಮ್ಮ, ಎಂದೆ. ಹಾಳೆಯಲ್ಲಿ ಅಂಕ ಮಾತ್ರ ಇತ್ತು.

ಅವಳು ತಲೆಯಾಡಿಸಿ ತಮ್ಮನನ್ನು ಕರೆದುಕೊಂಡು ಹೋದಳು. ಅವನಿಗೆ ಬಹುಮಾನ ಬಂದಿರಲಿಲ್ಲ. ಶ್ರುತಿಯ ಕಡೆ 2 ಎಂದು ಬರೆದು, ‘ಎರಡನೇ ಚರಣದ ಮೂರನೇ ಸಾಲಿನಿಂದ ಇಳಿದಿದೆ’ ಎಂದು ಮೇಷ್ಟ್ರು ಬರೆದಿದ್ದರು. ನಾನು ಕಾಗದ ಪತ್ರ ಕಟ್ಟಿಕೊಂಡು ಹೊರಗೆ ಬಂದಾಗ ಅಕ್ಕ ತಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಆ ಸಾಲನ್ನು ಹಾಡಿ ತೋರಿಸುತ್ತಿದ್ದಳು, ಅವನು ತಿರುಗಿ ಹೇಳುತ್ತಿದ್ದ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಅವನಿಗೆ ಅದು ಸಿಕ್ಕಿತು.